ಪಾಪಣ್ಣ ಹಾಕಿದ ಮುಯ್ಯಿ

ಬರಬೇಕಾದ ದುಡ್ಡು ವಸೂಲು ಮಾಡುವುದಕ್ಕೆ ಎಲ್ಲ ಕಸುಬಿನವರಿಗೂ ಒಂದೊಂದು ದಾರಿ ಇದೆ. ಹಾಲಿನವನು ಮರುದಿನ ಹಾಲು ನಿಲ್ಲಿಸಬಹುದು. ಕೇಬಲ್‌ನವನು ಸಂಜೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ವೈರು ಕಿತ್ತರೆ ಸಾಕು, ಮನೆಯವರೇ ಓಡಿ ಬರುತ್ತಾರೆ. ಸಲೂನಿನವನಂತೂ ಅರ್ಧ ಗಡ್ಡ ಹೆರೆದು ಕತ್ತಿ ಕೆಳಗಿಟ್ಟು ಕೆಮ್ಮಿದರೆ ಗಿರಾಕಿ ತಾನಾಗಿ ಜೇಬಿಗೆ ಕೈ ಹಾಕುತ್ತಾನೆ. ನನ್ನ ಕಸುಬಿನಲ್ಲಿ ಮಾತ್ರ ಅಂಥ ಯಾವ ಅನುಕೂಲವೂ ಇಲ್ಲ. ನಾನು ಜನರನ್ನು ನಗಿಸಿ ಹೊಟ್ಟೆ ಹೊರೆಯುವವನು. ಜನ ಮೊದಲು ನಗುತ್ತಾರೆ, ಆಮೇಲೆ ಊಟ ಮಾಡುತ್ತಾರೆ, ದುಡ್ಡಿನ ಮಾತು ಬರುವ ಹೊತ್ತಿಗೆ ಶಾಮಿಯಾನದ ಕಂಬ ಕೀಳುತ್ತಿರುತ್ತಾರೆ. ಹೊಟ್ಟೆಯೊಳಗೆ ಇಳಿದ ಬಾದುಷಾವನ್ನಾಗಲಿ ಬಾಯಿಂದ ಹೊರಟ ನಗುವನ್ನಾಗಲಿ ವಾಪಸ್ ಇಸಿದುಕೊಳ್ಳುವುದು ಹೇಗೆ ಎಂದು ನನಗೆ ಇವತ್ತಿನವರೆಗೂ ಯಾರೂ ಹೇಳಿಕೊಟ್ಟಿಲ್ಲ.

ನನ್ನದು ಮಾತಾಡುವ ಗೊಂಬೆಯ ಆಟ. ತೊಡೆಯ ಮೇಲೆ ಒಂದು ಗೊಂಬೆ ಕೂರಿಸಿಕೊಂಡು, ನನ್ನ ತುಟಿ ಅಲ್ಲಾಡಿಸದೆ ಅದರ ಬಾಯಲ್ಲಿ ಮಾತಾಡಿಸುವ ವಿದ್ಯೆ. ಗೊಂಬೆಯ ಹೆಸರು ಪಾಪಣ್ಣ. ದಪ್ಪ ಮೀಸೆ, ರಬ್ಬರಿನ ಕಿವಿ, ಜರಿ ಪೇಟ, ಕೆಂಪು ಶರ್ಟು. ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸುತ್ತಲಿನ ನಾಲ್ಕು ತಾಲ್ಲೂಕಿನ ನಾಮಕರಣ, ಹುಟ್ಟುಹಬ್ಬ, ಗೃಹಪ್ರವೇಶ, ಸ್ಕೂಲ್ ಡೇಗಳನ್ನೆಲ್ಲ ನಾವಿಬ್ಬರೂ ನಡೆಸಿಕೊಟ್ಟಿದ್ದೇವೆ. ನಾವಿಬ್ಬರೂ ಎಂದು ನಾನು ಹೇಳುತ್ತೇನೆ, ಜನ ಹಾಗೆ ಹೇಳುವುದಿಲ್ಲ. ದಾರಿಯಲ್ಲಿ ಸಿಕ್ಕಿದವರು, ‘ಪಾಪಣ್ಣ ಚೆನ್ನಾಗವ್ರಾ?’ ಎಂದು ನನ್ನನ್ನು ಕೇಳುತ್ತಾರೆ. ನನ್ನ ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮದುವೆಯ ಕರೆಯೋಲೆ ಕೂಡ ‘ಶ್ರೀ ಪಾಪಣ್ಣ ಮತ್ತು ಕುಟುಂಬ’ ಎಂದು ಬರುತ್ತದೆ. ಆ ಕುಟುಂಬದೊಳಗೆ ನಾನೂ ಎಲ್ಲೋ ಒಂದು ಮೂಲೆಯಲ್ಲಿ ಸೇರಿಕೊಂಡಿರುತ್ತೇನೆ.

ನಮ್ಮ ಕಡೆ ದುಡ್ಡು ಕೊಡದವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಅವರ ಕಷ್ಟ ಬೆಳೆಯ ಕಷ್ಟ. ಚಿಂತಾಮಣಿಯವರನ್ನು ಕೇಳಿದರೆ ಟೊಮೆಟೊ ರೇಟು ಬಿದ್ದಿದೆ ಎನ್ನುತ್ತಾರೆ. ರೇಟು ಏರಿದ ಮೇಲೆ ಕೇಳಿದರೆ, ‘ಏರಿ ಏನ್ ಬಂತು ಸಾರ್, ಈ ಸಲ ನಾವು ಟೊಮೆಟೊನೇ ಹಾಕಿಲ್ಲ’ ಎನ್ನುತ್ತಾರೆ. ಗೌರಿಬಿದನೂರಿನಲ್ಲಿ ಮೆಕ್ಕೆಜೋಳ ಒಣಗಬೇಕು. ನಂದಿಯ ಕಡೆ ದ್ರಾಕ್ಷಿ ಹಣ್ಣಾಗಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋಗಬೇಕು. ನನ್ನ ಹೆಸರಿನಲ್ಲಿ ಒಂದು ಗುಂಟೆ ಜಮೀನಿಲ್ಲ, ಆದರೆ ಬೆಳಗ್ಗೆ ಎದ್ದರೆ ನಾಲ್ಕು ತಾಲ್ಲೂಕಿನ ಬೆಳೆಗಳ ರೇಟು ನೋಡಿಕೊಂಡು ನಿಟ್ಟುಸಿರು ಬಿಡುವ ಅಭ್ಯಾಸವಾಗಿದೆ. ಮಳೆ ಬಂದರೆ ನನಗೆ ಟೊಮೆಟೊದ ಚಿಂತೆ, ಬರದಿದ್ದರೆ ಜೋಳದ ಚಿಂತೆ.

ಚಿಂತಾಮಣಿಯ ಒಬ್ಬ ಮಂಡಿ ಸಾಹುಕಾರರಂತೂ ನಾನು ಫೋನು ಮಾಡಿದಾಗಲೆಲ್ಲ ದನಿ ಬದಲಾಯಿಸಿ, ‘ಅಣ್ಣ ಇಲ್ಲ, ನಾನು ಅವರ ತಮ್ಮ ಮಾತಾಡ್ತಿರೋದು’ ಎನ್ನುತ್ತಿದ್ದರು. ನನಗೆ ದುಡ್ಡು ಬರಲಿಲ್ಲವಲ್ಲ ಎಂಬುದಕ್ಕಿಂತ ಅವರ ಕಸುಬು ಕಚ್ಚಾ ಎಂಬ ಬೇಜಾರು ಹೆಚ್ಚು. ದನಿ ಬದಲಾಯಿಸುವವನು ಹೊಟ್ಟೆಯಿಂದ ತೆಗೆಯಬೇಕು. ಇವರು ಗಂಟಲಿನಿಂದ ತೆಗೆಯುತ್ತಿದ್ದರು. ‘ಸಾಹುಕಾರ್ರೇ, ಉಸಿರು ಸ್ವಲ್ಪ ಕೆಳಗೆ ಇಳಿಸಿ’ ಎಂದು ಹೇಳಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ಹೇಳಿಕೊಟ್ಟರೆ ಅದಕ್ಕೂ ಫೀಸು ಬಾಕಿ ಉಳಿಯುತ್ತಿತ್ತು.

ಇನ್ನು ನನ್ನ ಹೆಂಡತಿ ಶೈಲಜಾ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಬಳಿ ಹೊಲಿಸಿದವರು ದುಡ್ಡು ಎಣಿಸುವವರೆಗೆ ರವಿಕೆಯನ್ನು ಕಣ್ಣಿನಿಂದ ನೋಡಬಹುದು, ಕೈಯಿಂದ ಮುಟ್ಟುವಂತಿಲ್ಲ. ಮದುವೆಯ ಹಿಂದಿನ ದಿನ ಮದುಮಗಳ ತಾಯಿ ಬಂದು ಕಣ್ಣೀರು ಹಾಕಿದರೂ ಇವಳು ಹೊಲಿಗೆಯ ಮೆಷಿನ್ನಿಗೆ ಎಣ್ಣೆ ಬಿಡುತ್ತಾ, ‘ಅದಕ್ಕೇನಂತೆ, ಫೋನ್ ಪೇ ಮಾಡಿ’ ಎನ್ನುತ್ತಾಳೆ. ಇಂಥವಳು ಗಂಡ ಅಡ್ವಾನ್ಸು ಕೂಡ ಕೇಳದೆ ಊರೂರು ನಗಿಸಿ ಬರಿಗೈಯಲ್ಲಿ ಬರುವುದನ್ನು ಹೇಗೆ ಸಹಿಸಬೇಕು? ಅವಳ ಅಣ್ಣನಿಗೆ ಗೌರಿಬಿದನೂರಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿಯಿದೆ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ, ನಮ್ಮಿಬ್ಬರ ನಡುವೆ ಸಮಾನವಾಗಿರುವುದು ಅದೊಂದೇ. ಅವರು ನಕ್ಕಿದ್ದನ್ನು ನೋಡಿದವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ. ನನ್ನ ಮದುವೆಯ ಫೋಟೋದಲ್ಲೂ ಅವರು ಯಾರೋ ಉದ್ದರಿ ಕೇಳಲು ಬಂದಿದ್ದಾರೇನೋ ಎನ್ನುವ ಹಾಗೆ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಂಬಿಕಸ್ಥರೊಬ್ಬರು ಕೂರಬೇಕಾಗಿತ್ತು. ಅಣ್ಣ ಕೇಳಿದರು, ತಂಗಿ ಒಪ್ಪಿಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ.

‘ಶಿಡ್ಲಘಟ್ಟದ ಮುನಿರಾಜು ಅವರ ಮನೆ ಎಂಟು ಸಾವಿರ ಏನಾಯ್ತು?’ ಎಂದು ಶೈಲಜಾ ಒಂದು ಬೆಳಗ್ಗೆ ಕೇಳಿದಳು.

‘ಗೂಡು ಮಾರ್ಕೆಟ್ಟು...’ ಎಂದೆ.

‘ಗೂಡಿನ ಕಥೆ ಬೇಡ. ಆ ದುಡ್ಡು ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಪಾಪಣ್ಣನಿಗೆ ಅಟ್ಟ, ನಿಮಗೆ ನಮ್ಮಣ್ಣನ ಗಲ್ಲಾ. ಇದೇ ಕೊನೇ ಮಾತು ಕಣ್ರೀ.’

ಅಟ್ಟದ ಮೇಲೆ ನಮ್ಮ ಮನೆಯಲ್ಲಿ ಏನೇನಿದೆ ಎಂದು ನನಗೆ ಗೊತ್ತು. ಒಡೆದ ಕೂಲರ್, ಹಿತ್ತಾಳೆಯ ಒಂದು ಬೋಸಿ, ನಾನು ಒಂದು ಕಾಲದಲ್ಲಿ ಕಲಿಯಲು ಹೊರಟಿದ್ದ ಹಾರ್ಮೋನಿಯಂ. ಅಲ್ಲಿಗೆ ಹೋದದ್ದು ಯಾವುದೂ ಇಳಿದು ಬಂದದ್ದಿಲ್ಲ. ಪಾಪಣ್ಣ ಆ ಕತ್ತಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ನೆನೆದು ನನಗೆ ಊಟ ಸೇರಲಿಲ್ಲ. ನಾನು ಗಲ್ಲಾದ ಮುಂದೆ ಕೂತು ಕಬ್ಬಿಣದ ತೂಕ ಹೇಳುವುದನ್ನು ನೆನೆದಾಗ ಮಾತ್ರ ಊಟ ಹೇಗೋ ಸೇರಿತು. ಆದರೂ ನೋವು ನೋವೇ.

ಮುನಿರಾಜು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟಿರುವವರು. ಅವರ ಮಗನ ನಾಮಕರಣಕ್ಕೆ ನಾನು ಆಟ ಹಾಕಿದ್ದೆ. ಎಂಟು ಸಾವಿರಕ್ಕೆ ಮಾತಾಗಿತ್ತು. ನಾನು ದುಡ್ಡು ಕೇಳಲು ಹೋದೆ. ಹೋದೆ ಎಂದರೆ ಹೋದೆ ಅಷ್ಟೆ, ಕೇಳಲು ಆಗಲಿಲ್ಲ. ಇದೇ ನನ್ನ ದೊಡ್ಡ ದೌರ್ಬಲ್ಯ. ಸ್ಟೇಜಿನ ಮೇಲೆ ಸಾವಿರ ಜನರೆದುರು ಬಾಯಿಗೆ ಬಂದದ್ದು ಮಾತಾಡುವ ನಾನು, ಒಬ್ಬರ ಮನೆಯ ಸೋಫಾದ ಮೇಲೆ ಕೂತರೆ ಮೂಕನಾಗುತ್ತೇನೆ. ಮುನಿರಾಜುವಿನ ತಾಯಿ ನಾರಾಯಣಮ್ಮ ಕಾಫಿ ತಂದುಕೊಟ್ಟರು. ಹಿಪ್ಪುನೇರಳೆ ಸೊಪ್ಪಿನ ಬಗ್ಗೆ ಮಾತಾಡಿದೆವು. ಮಗು ಬೋರಲು ಬಿದ್ದದ್ದನ್ನು ತೋರಿಸಿದರು, ನೋಡಿ ಸಂತೋಷಪಟ್ಟೆ. ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಟ್ಟರು. ಮನೆಗೆ ಬಂದಾಗ ಶೈಲಜಾ ಚೀಲ ಬಿಚ್ಚಿ ನೋಡಿ, ‘ಎಂಟು ಸಾವಿರದ ಅವರೆಕಾಯಾ?’ ಎಂದಳು. ಸಾರು ಬಲು ಚೆನ್ನಾಗಿತ್ತು. ನಾನು ಎರಡನೇ ಸಲ ಬಡಿಸಿಕೊಳ್ಳಲು ಧೈರ್ಯ ಮಾಡಲಿಲ್ಲ.

ಆಗ ನನಗೆ ಹೊಳೆದದ್ದು ಪಾಪಣ್ಣನನ್ನು ಕರೆದುಕೊಂಡು ಹೋಗುವ ಉಪಾಯ. ನನಗೆ ನಾಚಿಕೆ, ಸರಿ. ಅವನಿಗೇನು? ಅವನ ನಾಲಿಗೆಗೆ ಮೂಳೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಪೆಟ್ಟಿಗೆ ಹಿಡಿದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಮುನಿರಾಜು ಮನೆಯಲ್ಲೇ ಇದ್ದರು. ನಾನು ಸೋಫಾದ ಮೇಲೆ ಕೂತು, ಪಾಪಣ್ಣನನ್ನು ಹೊರಗೆ ತೆಗೆದು ತೊಡೆಯ ಮೇಲೆ ಕೂರಿಸಿ, ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

‘ಮುನಿರಾಜಣ್ಣ’ ಎಂದ ಪಾಪಣ್ಣ. ‘ನಮ್ಮ ಯಜಮಾನ್ರಿಗೆ ಬಾಯಿಲ್ಲ. ಅದಕ್ಕೇ ನಾನೇ ಕೇಳ್ತೀನಿ. ನಮ್ಮ ದುಡ್ಡು ಯಾವಾಗ ಕೊಡ್ತೀಯ?’

ಮುನಿರಾಜು ಪಾಪ ಒಳ್ಳೆಯ ಮನುಷ್ಯ. ‘ಅಯ್ಯೋ ಪಾಪಣ್ಣ, ನಂದೇ ತಪ್ಪು ಕಣಪ್ಪ, ಮರ್ತೇಬಿಟ್ಟಿದ್ದೆ’ ಎಂದು ಪರ್ಸು ತೆಗೆದರು. ನನ್ನ ಜನ್ಮದಲ್ಲಿ ಇಷ್ಟು ಸುಲಭವಾಗಿ ಪರ್ಸು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ನೋಟು ಇನ್ನೇನು ಕಾಣಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ನಾರಾಯಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

‘ಏನೋ ಮುನಿರಾಜ ಅದು? ಪರ್ಸು ಒಳಗಿಡೋ. ಮುಯ್ಯಿ ಹಾಕಿದೋರಿಗೆ ದುಡ್ಡು ಕೊಟ್ಟು ಕಳಿಸ್ತಾರಾ? ನಾಲ್ಕು ಜನ ಕೇಳಿದ್ರೆ ಏನಂತಾರೆ?’

‘ಯಾವ ಮುಯ್ಯಿ ಅತ್ತೆ?’ ಎಂದ ಪಾಪಣ್ಣ. ನಿಜ ಹೇಳಬೇಕೆಂದರೆ ಅದು ನಾನೇ ಕೇಳಿದ್ದು, ಗಾಬರಿಯಲ್ಲಿ ಅವನ ದನಿಯಲ್ಲಿ ಬಂತು.

‘ನೀನೇ ಹೇಳಿದ್ದಲ್ಲೇನೋ ನಾಯ್ನಾ, ಅಷ್ಟು ಜನದ ಮುಂದೆ, ಮೈಕಲ್ಲಿ.’

ನನಗೆ ನೆನಪಾಯಿತು.

ಮುಯ್ಯಿ ಎಂದರೆ ಏನೆಂದು ಹಳೆಯ ಮೈಸೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಒಬ್ಬರ ಮನೆಯ ಶುಭಕಾರ್ಯಕ್ಕೆ ಹೋದಾಗ ಕೈಲಾದದ್ದು ಉಡುಗೊರೆ ಹಾಕುತ್ತೇವೆ. ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಬಂದು ಅದನ್ನು ತಿರುಗಿ ಹಾಕುತ್ತಾರೆ. ಬರಿ ಅಷ್ಟನ್ನೇ ಹಾಕುವಂತಿಲ್ಲ, ಮೇಲೆ ಒಂಚೂರು ಸೇರಿಸಿ ಹಾಕಬೇಕು. ಸರಿಸಮ ಹಾಕಿದರೆ ನೆಂಟಸ್ತನದ ಲೆಕ್ಕ ಮುಗಿಯಿತು ಎಂದು ಅರ್ಥ. ಹೆಚ್ಚಿಗೆ ಹಾಕಿದರೆ ನಾವು ಅವರಿಗೆ ಬಾಕಿ, ಮುಂದೆ ನಾವು ಹಾಕಿದಾಗ ಅವರು ನಮಗೆ ಬಾಕಿ. ಹೀಗೆ ಒಬ್ಬರಿಗೊಬ್ಬರು ಬಾಕಿ ಇಟ್ಟುಕೊಂಡೇ ನಮ್ಮ ಕಡೆಯ ಜನ ನೂರಾರು ವರ್ಷ ಒಟ್ಟಿಗೆ ಬಾಳಿದ್ದಾರೆ. ಕೆಲವು ಮನೆಗಳಲ್ಲಿ ಯಾರ ಮುಯ್ಯಿ ಎಷ್ಟು ಎಂದು ಮೈಕಿನಲ್ಲಿ ಕೂಗಿ ಹೇಳುವ ಪದ್ಧತಿ ಈಗಲೂ ಇದೆ. ಮೈಕಿನಲ್ಲಿ ಹೇಳಿದ್ದು ಎಂದರೆ ಮುಗಿಯಿತು, ಅದು ದೇವರ ಮುಂದೆ ಹೇಳಿದ ಹಾಗೆ.

ಆ ನಾಮಕರಣದ ದಿನ ಮುಯ್ಯಿ ಕೂಗುವ ಕೆಲಸವನ್ನು ಪಾಪಣ್ಣನಿಗೆ ವಹಿಸಿದ್ದರು. ಪಾಪಣ್ಣ ಸುಮ್ಮನೆ ಕೂಗುವ ಗಿರಾಕಿಯೇ? ‘ದೊಡ್ಡಪ್ಪನವರಿಂದ ಐನೂರು ರೂಪಾಯಿ, ನೋಟು ನೋಡಿದ್ರೆ ದೊಡ್ಡಪ್ಪನ ಮದುವೆ ಕಾಲದ್ದು’ ಎಂದ. ‘ಚಿಕ್ಕತ್ತೆಯವರಿಂದ ಬೆಳ್ಳಿ ಲೋಟ, ಒಳಗೆ ಹಾಲಿಲ್ಲ, ತಂದ್ಕೊಳ್ಳಿ’ ಎಂದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನಂಥವನಿಗೆ ಜನ ನಕ್ಕರೆ ಹೆಂಡ ಕುಡಿದ ಹಾಗೆ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನಿಸುತ್ತದೆ. ಕೊನೆಯಲ್ಲಿ ಯಾರೋ ಹಿಂದಿನಿಂದ, ‘ಎಲ್ಲಾರ್ದೂ ಆಯ್ತು, ನಿಂದೇನೋ ಪಾಪಣ್ಣ ಮುಯ್ಯಿ?’ ಎಂದು ಕೂಗಿದರು. ಪಾಪಣ್ಣ ಎದೆಯುಬ್ಬಿಸಿ ನಾರಾಯಣಮ್ಮನ ಕಡೆ ತಿರುಗಿ, ‘ಇವತ್ತಿನ ಆಟಾನೇ ನನ್ನ ಮುಯ್ಯಿ, ನೆನಪಿಟ್ಕೋ ಅತ್ತೆ’ ಎಂದ. ಶಾಮಿಯಾನ ಹಾರಿಹೋಗುವ ಹಾಗೆ ನಗು. ನನ್ನ ವೃತ್ತಿಜೀವನದ ಅತ್ಯಂತ ದೊಡ್ಡ ನಗು ಅದು. ಎಂಟು ಸಾವಿರ ರೂಪಾಯಿಯ ನಗು. ಎಲ್ಲರೂ ನಕ್ಕರು, ನಾರಾಯಣಮ್ಮ ಒಬ್ಬರು ಮಾತ್ರ ನೆನಪಿಟ್ಟುಕೊಂಡರು. ಯಾವ ಮದುವೆಗೆ ಯಾರು ಎಷ್ಟು ಹಾಕಿದರು ಎಂದು ಮೂರು ತಲೆಮಾರಿನ ಲೆಕ್ಕ ಆ ತಾಯಿಯ ತಲೆಯೊಳಗಿದೆಯಂತೆ.

‘ಅದು ತಮಾಷೆಗೆ ಹೇಳಿದ್ದಮ್ಮ’ ಎಂದು ನಾನು ನನ್ನ ಸ್ವಂತ ದನಿಯಲ್ಲಿ ಹೇಳಿದೆ.

‘ನೀವು ಸುಮ್ನಿರಿ ಸ್ವಾಮಿ, ನಿಮ್ಮನ್ನ ಯಾರು ಕೇಳಿದ್ರು?’ ಎಂದರು ನಾರಾಯಣಮ್ಮ. ‘ಪಾಪಣ್ಣ ಹಾಕವ್ನೆ, ನಾನು ತಗೊಂಡಿದೀನಿ. ನಿಮ್ಮ ಮನೇಲಿ ಕಾರ್ಯ ಆಗ್ಲಿ, ನಾವು ಮನೆ ಮಂದಿಯೆಲ್ಲ ಬಂದು ತಿರುಗಿ ಹಾಕ್ತೀವಿ. ನಾವು ಮುಯ್ಯಿ ಉಳಿಸ್ಕೊಂಡೋರಲ್ಲ.’ ಮುನಿರಾಜು ತಾಯಿಯ ಹಿಂದೆ ನಿಂತು, ನನ್ನ ಕೈಯಲ್ಲಿ ಏನೂ ಇಲ್ಲ ಎನ್ನುವ ಹಾಗೆ ನನ್ನ ಕಡೆ ನೋಡಿದರು. ಹೊರಡುವಾಗ ಈ ಸಲ ಹಲಸಿನ ಹಣ್ಣು ಕೊಟ್ಟರು.

ಮನೆಗೆ ಬಂದು ಶೈಲಜಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಟ್ಟದ ಏಣಿ ತರುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಲಿಯುತ್ತಿದ್ದ ರವಿಕೆಯ ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ‘ಕಾರ್ಯ ಆದ್ರೆ ತಾನೇ ಕೊಡ್ತಾರೆ? ಹಂಗಾದ್ರೆ ಕಾರ್ಯ ಮಾಡಣ’ ಎಂದಳು. ನಮ್ಮ ಮಗಳು ಚಿನ್ನುವಿಗೆ ಇನ್ನೂ ಕಿವಿ ಚುಚ್ಚಿಸಿರಲಿಲ್ಲ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕು, ಚಿನ್ನದ ಓಲೆ ಸೋದರಮಾವನೇ ತರಬೇಕು. ಶಾಮಿಯಾನ, ಅಡುಗೆಯವರು, ಎಲೆ, ಹೂವು ಎಲ್ಲ ಲೆಕ್ಕ ಹಾಕಿದರೆ ಎಂಟು ಸಾವಿರದ ವಸೂಲಿಗೆ ನಲವತ್ತು ಸಾವಿರ ಖರ್ಚಾಗುವಂತಿತ್ತು. ಇದನ್ನು ನಾನು ಎತ್ತಿ ತೋರಿಸಿದೆ. ‘ಕಿವಿ ಹೆಂಗಿದ್ರೂ ಚುಚ್ಚಿಸ್ಬೇಕಿತ್ತಲ್ರೀ. ಎಂಟು ಸಾವಿರ ಬಂದ್ರೆ ಪಾಪಣ್ಣ ಉಳ್ಕೊಂಡ, ಬರಲಿಲ್ಲ ಅಂದ್ರೆ ಅವತ್ತೇ ಅಣ್ಣ ಬಂದಿರ್ತಾನೆ, ನಿಮ್ಮನ್ನ ಹಂಗೇ ಕರ್ಕೊಂಡು ಹೋಗ್ತಾನೆ’ ಎಂದಳು. ಗಂಡನ ಬದುಕನ್ನು ಮಗಳ ಕಿವಿಗೆ ಗಂಟು ಹಾಕಿದ ಹೆಂಗಸು ನಾಲ್ಕು ತಾಲ್ಲೂಕಿನಲ್ಲಿ ಇವಳೊಬ್ಬಳೇ ಇರಬೇಕು.

ಮನೆಯ ಓನರ್ ಟೆರೇಸು ಬಿಟ್ಟುಕೊಟ್ಟರು. ಕಾರ್ಯದ ದಿನ ಭಾವ ಬೆಳಗ್ಗೆಯೇ ಬಂದರು, ಓಲೆಯ ಡಬ್ಬಿ ಜೇಬಿನಲ್ಲಿ, ಮುಖ ಎಂದಿನಂತೆ. ‘ಸೋಮವಾರದಿಂದ ಬರ್ತೀರಲ್ಲ ಭಾವ?’ ಎಂದು ಕೇಳಿದರು. ‘ನೋಡೋಣ ಭಾವ’ ಎಂದೆ. ಅವರ ತೊಡೆಯ ಮೇಲೆ ಚಿನ್ನುವನ್ನು ಕೂರಿಸಿದೆವು. ಅಕ್ಕಸಾಲಿ ಆಚಾರಿಯವರು ಒಂದು ಕಿವಿ ಚುಚ್ಚಿದ್ದೇ ತಡ, ಮಗು ಕಿರುಚಿದ ಸದ್ದಿಗೆ ಓಲಗದವರು ಕೂಡ ನಿಲ್ಲಿಸಿಬಿಟ್ಟರು. ಇನ್ನೊಂದು ಕಿವಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿತು. ಯಾರು ಹೇಳಿದರೂ ಬಿಡಲಿಲ್ಲ. ಭಾವನ ಬಿಳಿ ಪಂಚೆಯ ತುಂಬ ಕಣ್ಣೀರು, ಸಿಂಬಳ. ನನ್ನ ಮಗಳು ಅಳುವುದನ್ನು ನೋಡಿ ನನ್ನ ಕಣ್ಣಲ್ಲೂ ನೀರು ಬಂತು. ಒಳಗೆ ಓಡಿಹೋಗಿ ಪಾಪಣ್ಣನನ್ನು ಎತ್ತಿಕೊಂಡು ಬಂದೆ.

‘ಏಯ್ ಆಚಾರಿ, ಎಲ್ಲಾ ಅವಳಿಗೇನಾ? ನಂಗೂ ಚುಚ್ಚಯ್ಯ’ ಎಂದ ಪಾಪಣ್ಣ. ಆಚಾರಿಯವರು ರಸಿಕರು. ಪಾಪಣ್ಣನ ರಬ್ಬರ್ ಕಿವಿಗೆ ನಿಜವಾಗಿಯೂ ಸೂಜಿ ಚುಚ್ಚಿದರು. ಅವನು ಹಾಕಿದ ಬೊಬ್ಬೆ ಏನೆಂದು ಹೇಳಲಿ. ‘ಅಯ್ಯೋ, ಸತ್ತೆ, ಆಂಬುಲೆನ್ಸ್ ಕರೀರಿ, ನಾನು ಶಿಡ್ಲಘಟ್ಟದ ಅತ್ತೆ ಮನೆಗೆ ಹೋಗ್ತೀನಿ.’ ಚಿನ್ನು ಅಳು ಮರೆತು ಅವನನ್ನೇ ನೋಡುತ್ತಾ, ‘ಪಾಪಣ್ಣ ಅಳ್ಬೇಡ’ ಎಂದು ಅವನ ಕಿವಿ ಊದತೊಡಗಿದಳು. ಅಷ್ಟರಲ್ಲಿ ಅವಳ ಎರಡನೇ ಕಿವಿಯ ಕೆಲಸ ಮುಗಿದಿತ್ತು. ಭಾವ ಮಗುವಿನ ತಲೆ ಸವರುತ್ತಾ ಪಾಪಣ್ಣನನ್ನು ಒಂದು ಥರ ನೋಡಿದರು. ಗಲ್ಲಾದ ಮುಂದೆ ನಿಂತವನು ಪೂರ್ತಿ ದುಡ್ಡು ಎಣಿಸಿದಾಗ ಅವರು ನೋಡುವ ನೋಟ ಅದು.

ಮುಯ್ಯಿ ಶುರುವಾಗುವ ಹೊತ್ತಿಗೆ ಕೆಳಗೆ ಟೆಂಪೋ ನಿಂತ ಸದ್ದಾಯಿತು. ನಾರಾಯಣಮ್ಮ, ಮುನಿರಾಜು, ಅವರ ಜೊತೆ ರೇಷ್ಮೆ ಸೀರೆ ಉಟ್ಟ ಹೆಂಗಸರ ಒಂದು ದಂಡೇ ಮೆಟ್ಟಿಲು ಹತ್ತಿ ಬಂತು. ‘ಕೈಯಲ್ಲಿ ಕವರ್ ಇದೆಯಾ ನೋಡ್ರೀ’ ಎಂದು ಶೈಲಜಾ ಪಿಸುಗುಟ್ಟಿದಳು. ಕವರ್ ಇರಲಿಲ್ಲ. ನಾರಾಯಣಮ್ಮನ ಕೈಯಲ್ಲಿ ಒಂದು ಜೊತೆ ತಾಳ ಇತ್ತು. ನೇರವಾಗಿ ಮೈಕಿನ ಹತ್ತಿರ ಬಂದರು.

‘ನಮ್ಮ ಮೊಮ್ಮಗನ ನಾಮಕರಣಕ್ಕೆ ಪಾಪಣ್ಣ ಆಟ ಮುಯ್ಯಿ ಹಾಕಿದ್ದ’ ಎಂದರು. ‘ಆಟ ಹಾಕಿದೋನಿಗೆ ದುಡ್ಡು ಹಾಕಿದ್ರೆ ಅದು ಕೂಲಿ ಆಗ್ತದೆ, ಮುಯ್ಯಿ ಆಗಲ್ಲ. ಅದಕ್ಕೇ ನಾವೂ ಆಟಾನೇ ಹಾಕ್ತೀವಿ. ಕೂತ್ಕೊಳ್ರಪ್ಪ ಎಲ್ಲಾರೂ.’

ಶೈಲಜಾಳ ಮುಖ ನೋಡುವ ಧೈರ್ಯ ಬರಲಿಲ್ಲ. ನಲವತ್ತು ಸಾವಿರ ಖರ್ಚು, ಎಂಟು ಸಾವಿರ ಗೋತಾ, ಸೋಮವಾರದಿಂದ ಸಿಮೆಂಟು. ಪಾಪಣ್ಣನನ್ನು ಎದೆಗೆ ಒತ್ತಿಕೊಂಡು ನಿಂತೆ.

ನಾರಾಯಣಮ್ಮ ತಾಳ ತಟ್ಟಿ ಸೋಬಾನೆ ಎತ್ತಿಕೊಂಡರು, ಹಿಂದಿನ ಹೆಂಗಸರು ಸೊಲ್ಲು ಹಿಡಿದರು. ಮೊದಲು ದೇವರಿಗೆ ಎರಡು ಪದ ಆಯಿತು. ಆಮೇಲೆ ಬೀಗರನ್ನು ಗೇಲಿ ಮಾಡುವ ಪದ ಶುರುವಾಯಿತು. ಅದು ಪುಸ್ತಕದಲ್ಲಿ ಸಿಗುವುದಲ್ಲ, ಎದುರಿಗೆ ಸಿಕ್ಕವರನ್ನು ನೋಡಿ ಅಲ್ಲಲ್ಲೇ ಕಟ್ಟುವುದು. ಅವರ ಕಣ್ಣು ಟೆರೇಸಿನ ಮೇಲೆಲ್ಲ ಸುತ್ತಾಡಿ ಭಾವನ ಮೇಲೆ ನಿಂತಿತು. ಅವರು ಯಾರು, ಏನು ಕಸುಬು ಎಂದು ಪಕ್ಕದವರನ್ನು ಕೇಳಿಕೊಂಡರು.

‘ಸಿಮೆಂಟು ಮಾರೋ ಮಾವಯ್ಯ, ನಿನ್ನ ಮೊಗವ್ಯಾಕೋ ಗಟ್ಟಿ,
ನೀರು ಹಾಕಿ ಕಲೆಸಿದೋರ್ಯಾರೋ, ನಗುವ್ಯಾಕೋ ತುಟ್ಟಿ.’

ಜನ ಹೋ ಎಂದರು. ಇಂಥ ಹೊತ್ತಿನಲ್ಲಿ ಪಾಪಣ್ಣ ಸುಮ್ಮನಿರುತ್ತಾನೆಯೇ? ‘ಅತ್ತೆ, ಅವರು ನಕ್ರೆ ಜಿಎಸ್‌ಟಿ ಸೇರಿಸಿ ಬಿಲ್ ಹಾಕ್ತಾರೆ’ ಎಂದ. ನಾರಾಯಣಮ್ಮ ಕ್ಷಣವೂ ತಡೆಯದೆ ಆ ಮಾತನ್ನೇ ಎತ್ತಿಕೊಂಡು ಇನ್ನೊಂದು ಸಾಲು ಕಟ್ಟಿದರು. ಇವನು ಒಂದು ಹೇಳಿದರೆ ಅವರು ಒಂದು ಹಾಡುತ್ತಿದ್ದರು. ನನ್ನ ಮೀಸೆ, ನನ್ನ ಬಾಯಿಲ್ಲದ ಬಾಯಿ, ಅವರೆಕಾಯಿ ಹೊತ್ತುಕೊಂಡು ಹೋದದ್ದು, ಒಂದನ್ನೂ ಬಿಡಲಿಲ್ಲ. ನಡುವೆ ಎಲ್ಲೋ ನಾನು ಪಾಪಣ್ಣನ ಬಾಯಿ ಆಡಿಸುವುದನ್ನು ಮರೆತು ನಗುತ್ತಾ ಕೆಳಗೆ ಕೂತುಬಿಟ್ಟೆ. ಇಷ್ಟು ವರ್ಷ ಊರವರನ್ನೆಲ್ಲ ನಗಿಸಿದ ನನ್ನನ್ನು ಯಾರೂ ಆಟ ಹಾಕಿ ನಗಿಸಿರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಈ ಆಟಕ್ಕೆ ಎಂಟು ಸಾವಿರ ಕಡಿಮೆಯಾಯಿತು, ಇನ್ನೂ ಹತ್ತು ಸಾವಿರ ಸೇರಿಸಿ ಕೊಟ್ಟರೂ ಸಾಲದು ಎನ್ನಿಸಿತು. ಕೊನೆಗೆ ನಾರಾಯಣಮ್ಮ ತಾಳ ಕೆಳಗಿಟ್ಟು, ‘ಒಂದು ಪದ ಜಾಸ್ತಿನೇ ಹಾಡಿದೀವಿ ಪಾಪಣ್ಣ, ಅದು ನಿನ್ನ ಮೇಲೆ ಬಾಕಿ’ ಎಂದರು.

ಆಗ ಭಾವನ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಮೂಟೆ ಜಾರಿದ ಹಾಗೆ. ನೋಡಿದರೆ ಭಾವ ನಗುತ್ತಿದ್ದರು. ಹೆಗಲು ಕುಣಿಯುತ್ತಿತ್ತು, ಕಣ್ಣು ಮುಚ್ಚಿತ್ತು, ಮಡಿಲಲ್ಲಿ ಕೂತಿದ್ದ ಚಿನ್ನು ಅವರ ಬಾಯೊಳಗೆ ಬೆರಳಿಟ್ಟು ನೋಡುತ್ತಿದ್ದಳು. ಶೈಲಜಾ ಗೋಡೆಗೆ ಒರಗಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡು ಅಣ್ಣನನ್ನೇ ನೋಡುತ್ತಿದ್ದಳು. ‘ಅಣ್ಣ ನಕ್ಕಿದ್ದು ನಾನು ಎಷ್ಟು ವರ್ಷದ ಮೇಲೆ ನೋಡ್ತಿರೋದು ಗೊತ್ತೇನ್ರೀ’ ಎಂದು ಮಾತ್ರ ಹೇಳಿದಳು. ಊಟವಾದ ಮೇಲೆ ಭಾವ ನನ್ನ ಹತ್ತಿರ ಬಂದು, ‘ನಮ್ಮ ಹೊಸ ಗೋಡೌನ್ ಪೂಜೆ ಇದೆ. ಈ ಗೊಂಬೆ, ಆ ಅಮ್ಮ, ಇಬ್ಬರೂ ಬರಬೇಕು. ರೇಟು ಮಾತಾಡಿ’ ಎಂದರು. ‘ಮತ್ತೆ ಗಲ್ಲಾ?’ ಎಂದು ಶೈಲಜಾ ಕೇಳಿದಳು. ‘ಗಲ್ಲಾದಲ್ಲಿ ಕೂರೋಕೆ ಯಾರಾದ್ರೂ ಸಿಗ್ತಾರೆ ಬಿಡಮ್ಮ’ ಎಂದರು. ಪಾಪಣ್ಣ ಅಟ್ಟದಿಂದ ಪಾರಾದ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಸುಖಿ ಎಂದು ನೀವು ತಿಳಿಯುತ್ತಿದ್ದಿರಿ. ಗೋಡೌನ್ ಪೂಜೆಗೆ ಬರಲು ನಾರಾಯಣಮ್ಮನನ್ನು ಕೇಳಿದೆ. ‘ಅದು ನಿಮ್ಮ ಮನೆ ಕಾರ್ಯ ಅಲ್ಲವಲ್ಲಪ್ಪ, ಅಲ್ಲಿ ಮುಯ್ಯಿ ಇಲ್ಲ, ದುಡ್ಡೇ. ನಾಲ್ಕು ಸಾವಿರ, ಟೆಂಪೋ ಬೇರೆ, ನೀವೇ ಜವಾಬ್ದಾರಿ’ ಎಂದರು. ಒಪ್ಪಿಕೊಂಡೆ. ಆಟ ಅದ್ಭುತವಾಗಿ ನಡೆಯಿತು, ಗೌರಿಬಿದನೂರಿನವರು ಈಗಲೂ ಆ ಮಾತಾಡುತ್ತಾರೆ. ಭಾವ ಮಾತ್ರ ದುಡ್ಡಿನ ಮಾತಾಡುವುದಿಲ್ಲ. ‘ಲೋಡ್ ಬಂದಿದೆ ಭಾವ, ಬಿಲ್ಡರ್‌ಗಳು ಕೊಟ್ಟ ತಕ್ಷಣ’ ಎಂದರು. ಅಮಾವಾಸ್ಯೆಗೆ ಹೋಯಿತು, ಹುಣ್ಣಿಮೆಗೆ ಹೋಯಿತು. ‘ನೀನಾದರೂ ಕೇಳೇ’ ಎಂದು ಶೈಲಜಾಗೆ ಹೇಳಿದೆ. ಮದುಮಗಳ ತಾಯಿಯ ಕಣ್ಣೀರಿಗೂ ಕರಗದ ನನ್ನ ಹೆಂಡತಿ, ‘ಒಡಹುಟ್ಟಿದೋನ ಹತ್ರ ದುಡ್ಡು ಕೇಳ್ತಾರೇನ್ರೀ, ಮರ್ಯಾದೆ ಬೇಡ್ವಾ?’ ಎಂದು ಮೆಷಿನ್ನು ತುಳಿದಳು. ಮೊನ್ನೆ ನಾನೇ ಭಾವನಿಗೆ ಫೋನು ಮಾಡಿದೆ. ಒಂದು ಹೊಸ ದನಿ, ‘ಓನರ್ ಗೋಡೌನಿಗೆ ಹೋಗವ್ರೆ, ನಾನು ಲೆಕ್ಕ ಬರೆಯೋ ರೈಟರು ಮಾತಾಡೋದು’ ಎಂದಿತು. ಗಂಟಲಿನಿಂದ ಬಂದ ದನಿ. ಉಸಿರು ಕೆಳಗಿಳಿದಿರಲಿಲ್ಲ.

ಈ ಕಡೆ ನಾರಾಯಣಮ್ಮನದು ದಿನಾ ಬೆಳಗ್ಗೆ ಫೋನು. ಜಗಳವಿಲ್ಲ, ಬೈಗುಳವಿಲ್ಲ, ‘ತಿಂಡಿ ಆಯ್ತಾ, ಮಗು ಕಿವಿ ಒಣಗ್ತಾ, ನಮ್ಮ ನಾಲ್ಕು ಸಾವಿರ?’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ನನಗೆ ಹೇಳಿಕೊಳ್ಳುವುದಕ್ಕೆ ಟೊಮೆಟೊವೂ ಇಲ್ಲ, ಗೂಡೂ ಇಲ್ಲ. ಇವತ್ತು ಬೆಳಗ್ಗೆ ನಾರಾಯಣಮ್ಮನ ಹೆಸರು ಫೋನಿನಲ್ಲಿ ಕಂಡಾಗ ಬೇರೆ ದಾರಿ ಕಾಣದೆ ಪೆಟ್ಟಿಗೆ ತೆರೆದು ಪಾಪಣ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಫೋನಿನಲ್ಲಿ ಅವನು ಕಾಣುವುದಿಲ್ಲ ಎಂದು ನನಗೂ ಗೊತ್ತು, ಆದರೆ ಅವನಿಲ್ಲದೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

‘ಅತ್ತೆ, ನಾನು ಪಾಪಣ್ಣ. ಯಜಮಾನ್ರು ಮನೇಲಿಲ್ಲ’ ಎಂದ. ಹೊಟ್ಟೆಯಿಂದಲೇ ತೆಗೆದದ್ದು, ನನ್ನ ಕೈಲಾದ ಮಟ್ಟಿಗೆ.

‘ಹೌದೇನಪ್ಪ? ಹೋಗ್ಲಿ ಬಿಡು, ನೀನು ಸಿಕ್ಕಿದೆಯಲ್ಲ. ನಮ್ಮ ದುಡ್ಡು ಯಾವತ್ತು ಪಾಪಣ್ಣ?’

‘ಶುಕ್ರವಾರ ಅತ್ತೆ’ ಎಂದುಬಿಟ್ಟ. ಅವನ ನಾಲಿಗೆಯ ಸ್ವಭಾವ ನಿಮಗೆ ಗೊತ್ತೇ ಇದೆ.

‘ಸರಿ ಕಣಪ್ಪ. ನಿಮ್ಮ ಯಜಮಾನ್ರು ಹೇಳಿದ್ದಿದ್ರೆ ನಂಬ್ತಿರಲಿಲ್ಲ. ನೀನು ಮೈಕಲ್ಲಿ ಹೇಳಿದ್ರೂ ಒಂದೇ, ಫೋನಲ್ಲಿ ಹೇಳಿದ್ರೂ ಒಂದೇ. ಶುಕ್ರವಾರ ಟೆಂಪೋ ಮಾಡ್ಕೊಂಡು ಎಲ್ಲಾರೂ ಬರ್ತೀವಿ, ಊಟಕ್ಕೆ ಹೇಳ್ಬಿಡು’ ಎಂದರು ನಾರಾಯಣಮ್ಮ. ‘ಆಮೇಲೆ ಪಾಪಣ್ಣ, ಯಜಮಾನ್ರು ಬಂದ್ಮೇಲೆ ಒಂದು ಲೋಟ ಮೆಣಸಿನ ಕಷಾಯ ಕುಡೀಬೇಕಂತೆ ಅನ್ನು. ಅವರಿಗೆ ನೆಗಡಿ ಆಗೈತೆ, ನಿನ್ನ ಗಂಟಲಲ್ಲಿ ಕೇಳಿಸ್ತಾ ಐತೆ.’